ಕೊಲ್ಲಿಯ ಬಾಯಿಗೆ ಅಡ್ಡ ನಿಲ್ಲಬೇಡಿ

ಆಗಸ್ಟ್ ತಿಂಗಳ ಮೊದಲ ಭಾನುವಾರ ಶೆಟ್‌ಲ್ಯಾಂಡ್ ದ್ವೀಪದ ಹಾರ್ವಾ ಕೊಲ್ಲಿಯಲ್ಲಿ ದೋಣಿಗಳು ಒಂದು ಓರ್ಕಾ ತಿಮಿಂಗಿಲದ ಮರಿಯನ್ನು ಅದರ ತಾಯಿಯಿಂದ ಬೇರೆ ಮಾಡಿದವು. ತಾಯಿ ಹೊರಗಿನ ಕಡಲಿನಲ್ಲಿ ಉಳಿಯಿತು. ಮರಿ ಕೊಲ್ಲಿಯ ಒಳಗೆ ಉಳಿಯಿತು. ಸಂಜೆಯವರೆಗೂ ಹಾಗೇ ಇತ್ತು.

ಆ ದೋಣಿಗಳಲ್ಲಿ ಒಂದನ್ನು ನಡೆಸುತ್ತಿದ್ದವನು ಲೌರಿ ಹಾಲ್ಕ್ರೋ. ಪ್ರವಾಸಿಗರನ್ನು ಕಡಲಿಗೆ ಕರೆದೊಯ್ಯುವುದು ಅವನ ಕೆಲಸ. ದೋಣಿ ಅವನದಲ್ಲ, ಧಣಿ ಗ್ಯಾರಿಕ್‌ನದು. ಓರ್ಕಾ ಬಂದ ಸುದ್ದಿಯನ್ನು ಫೋನಿನ ಗುಂಪಿಗೆ ಮೊದಲು ಹಾಕಿದವನೂ ಲೌರಿಯೇ.

ಆ ಗುಂಪಿನಲ್ಲಿ ಇಲ್ಲದ ಮನೆ ದ್ವೀಪದಲ್ಲಿಲ್ಲ. ಓರ್ಕಾ ಕಂಡವರು ಯಾವ ಮೂಲೆ, ಯಾವ ದಿಕ್ಕು ಎಂದು ಬರೆಯಬೇಕು. ದಿಕ್ಕಿಲ್ಲದ ಸುದ್ದಿಯನ್ನು ಯಾರೂ ಸುದ್ದಿ ಎನ್ನುವುದಿಲ್ಲ. ಅದನ್ನು ಓದಿದ ಮುಂದಿನ ಮೂಲೆಯವರು ಕಲಸಿದ ಹಿಟ್ಟನ್ನು ಹಾಗೇ ಬಿಟ್ಟು, ಅರ್ಧ ತುಪ್ಪಟ ಕತ್ತರಿಸಿದ ಕುರಿಯನ್ನು ಹಾಗೇ ಬಿಟ್ಟು ದಂಡೆಗೆ ಓಡುತ್ತಾರೆ. ಆ ಭಾನುವಾರ ಲೌರಿ ಬರೆದದ್ದು ಎರಡೇ ಸಾಲು: ‘ಹಾರ್ವಾ ಒಳಗೆ ಹೋಗ್ತಿವೆ. ವಾಪಸ್ ಬರೋಕೆ ದಾರಿ ಒಂದೇ.’

ದೋಣಿ ಇದ್ದವರೆಲ್ಲ ಆ ಒಂದೇ ದಾರಿಗೆ ಹೋಗಿ ನಿಂತರು.

ಮರುದಿನ ಓಸ್ಲಾ ಅವನ ಮನೆಗೆ ಬಂದಳು. ಶಾಲೆಯ ಬಸ್ಸು ಓಡಿಸುವವಳು, ಗುಂಪನ್ನು ನೋಡಿಕೊಳ್ಳುವವಳೂ ಅವಳೇ. ಲೌರಿಯ ಹೆಂಡತಿ ಮೀಮಾ ಕಾವಲಿಯ ಮೇಲೆ ಬ್ಯಾನಕ್ ರೊಟ್ಟಿ ಹಾಕಿದ್ದಳು.

“ಏನ್ ಲೌರಿ, ನಿನ್ನೆ ಭಾರೀ ಸಂತೆ ಕಟ್ಟಿದ್ಯಂತೆ?” ಓಸ್ಲಾ ಕೇಳಿದಳು.

“ನಾನೇನ್ ಕಟ್ಟಿದ್ದು? ನಾನು ಬರ್ದೆ, ಜನ ಬಂದ್ರು. ಗುಂಪು ಇರೋದೇ ಅದಕ್ಕಲ್ವಾ?”

“ಬರ್ದಿದ್ದಕ್ಕೆ ಯಾರು ಬೈದ್ರು? ಬಾಗಿಲು ಎಲ್ಲಿದೆ ಅಂತ ಯಾಕ್ ತೋರ್ಸಿದೆ?”

“ಕಡಲಿಗೆ ಎಂಥ ಬಾಗಿಲು ಮಾರಾಯ್ತಿ!”

“ಹಾರ್ವಾಕ್ಕಿದೆ. ನಿಂಗೇ ಗೊತ್ತು, ನೀನೇ ಬರ್ದಿದೀಯ. ನೀವೆಲ್ಲ ಹೋಗಿ ಆ ಬಾಗಿಲಿಗೆ ಅಡ್ಡ ನಿಂತ್ರಿ. ದೊಡ್ಡವು ಉಸಿರು ಹಿಡಿದು ನಿಮ್ಮ ದೋಣಿ ಅಡಿಯಿಂದ ನುಸುಳಿದ್ವು. ಮರಿಗೆ ಅಷ್ಟುದ್ದ ಉಸಿರಿಲ್ಲ. ಅದು ತಲೆ ಎತ್ತಿದಲ್ಲೆಲ್ಲ ಎಂಜಿನ್.”

ಲೌರಿ ನಕ್ಕ. “ಕೊಬ್ಬಿದ ಕಡಲುನಾಯಿ, ಸೀಲನ್ನೇ ಚೆಂಡಿನ ಹಾಗೆ ಗಾಳಿಗೆ ಎಸೆಯೋ ಪ್ರಾಣಿ ಅದು. ನನ್ನ ಡಬ್ಬಾ ದೋಣಿಗೆ ಹೆದರುತ್ತಾ?”

“ಹೆದರೋ ಮಾತಲ್ಲ. ಎಂಜಿನ್ ಸದ್ದಿಗೆ ಅವುಗಳ ಕಿವಿ ಮುಚ್ಚಿಹೋಗುತ್ತೆ. ಸೀಲ್ ಬೇಟೆಗೆ ಹೊರಟಾಗ ಅವು ಒಂದು ಮಾತೂ ಆಡಲ್ಲ. ಬರೀ ಕೇಳಿಸ್ಕೊಂಡು ಹೋಗ್ತಾವೆ. ನೀವು ಅವುಗಳ ಅಡುಗೆಮನೆಗೆ ನುಗ್ಗಿ ಡೋಲು ಬಾರಿಸಿದ್ರಿ. ಹಸ್ಕೊಂಡೇ ಹೋದ್ವು.”

“ಮರಿ ತಾಯಿಗೆ ಸಿಕ್ತಾ?” ಮೀಮಾ ರೊಟ್ಟಿ ತಿರುವುವುದನ್ನು ನಿಲ್ಲಿಸಿ ಕೇಳಿದಳು.

“ಸಂಜೆ ಇವ್ರೆಲ್ಲ ಊಟಕ್ಕೆ ಎದ್ದುಹೋದ ಮೇಲೆ ತಾಯಿ ಒಳಗೆ ಬಂತು. ಎರಡೂ ಹೊರಟಿದ್ದನ್ನ ನೋಡ್ದೆ. ಮರಿ ಸರಿಯಾಗಿ ಈಜ್ತಿರಲಿಲ್ಲ. ಆಮೇಲೆ ಯಾರಿಗೂ ಕಂಡಿಲ್ಲ.”

ಸುಟ್ಟ ವಾಸನೆ ಬಂತು. ಮೀಮಾ ರೊಟ್ಟಿ ತೆಗೆದಳು. ಲೌರಿ ಈಗ ನಗುತ್ತಿರಲಿಲ್ಲ.

“ನಾನು ದೂರ ನಿಂತೆ ಅಂತಿಟ್ಕೋ. ಗ್ಯಾರಿಕ್ ನಾಳೆ ಬೇರೆಯವನನ್ನ ಇಡ್ತಾನೆ. ಓರ್ಕಾ ಹೆಂಗೋ ಬದುಕ್ಕೊಳ್ಳುತ್ತೆ. ನನ್ನ ಕೆಲಸ ಉಳಿಯಲ್ಲ.”

“ಗ್ಯಾರಿಕ್‌ನ ನಾನು ತಡೆಯೋಕಾಗಲ್ಲಪ್ಪ,” ಎಂದಳು ಓಸ್ಲಾ. “ಆದ್ರೆ ಅವು ಮತ್ತೆ ಬಂದ್ರೆ ನನ್ನ ಜೊತೆ ನೆಲದ ಮೇಲಿಂದ ನೋಡು. ಒಂದು ಸಲ ಆದ್ರೂ ಅವನ್ನ ಸರಿಯಾಗಿ ನೋಡಿದೀಯಾ ನೀನು?”

“ದಿನಾ ನೋಡ್ತೀನಿ!”

“ಬೆನ್ನು ನೋಡ್ತೀಯ. ಓಡಿಹೋಗೋ ಬೆನ್ನು.”

ಆಗಸ್ಟ್ ಮುಗಿಯುತ್ತ ಬಂತು. ದಿನವಿಡೀ ಕಿರುಚುವ ಕಡಲಹಕ್ಕಿಗಳು ತೆಂಕಣಕ್ಕೆ ಹೊರಟುಹೋಗಿ ದಂಡೆ ಮೌನವಾಗಿತ್ತು. ಸೀಲ್‌ಗಳು ಹಳೆಯ ಕೂದಲು ಉದುರಿಸುತ್ತ ಬಂಡೆಗಳ ಮೇಲೆ ಬಿದ್ದುಕೊಂಡಿದ್ದವು. ಲೌರಿಗೆ ರಜೆಯಿದ್ದ ಒಂದು ಬೆಳಿಗ್ಗೆ ತೆಂಕಣ ಮೂಲೆಯ ಕುರಿಗಾಹಿಯಿಂದ ಗುಂಪಿಗೆ ಸುದ್ದಿ ಬಂತು: ‘ಓರ್ಕಾ. ಬಡಗಣಕ್ಕೆ. ದಂಡೆ ಹಿಡಿದು.’

ಓಸ್ಲಾಳ ಕಾರು ಬಾಗಿಲಿಗೆ ಬಂದು ನಿಂತಾಗ ಮೀಮಾ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡಿದ್ದಳು. ಹಾಗೇ ಲೌರಿಯ ಹಿಂದೆ ಕಾರು ಹತ್ತಿದಳು.

“ಈಗ ಇರೋ ಜಾಗಕ್ಕೆ ಹೋಗಬಾರದು,” ಓಸ್ಲಾ ಗೇರು ಬದಲಿಸುತ್ತ ಹೇಳಿದಳು. “ಮುಂದೆ ಬರೋ ಮೂಲೆಗೆ ಮೊದಲೇ ಹೋಗಿ ಕೂತ್ಕೋಬೇಕು. ಅವು ಬರೋ ಹೊತ್ತಿಗೆ ನಾವು ಕಲ್ಲಾಗಿರಬೇಕು.”

ಗುಡ್ಡದ ಮೇಲೆ ಆಗಲೇ ಜನರಿದ್ದರು. ಆದರೆ ನೆತ್ತಿಯ ಮೇಲೆ ಒಬ್ಬರೂ ಇರಲಿಲ್ಲ. ಎಲ್ಲರೂ ಅಂಚಿನ ಕೆಳಗೆ ಹುಲ್ಲಿಗೆ ಬೆನ್ನು ಕೊಟ್ಟು ಕೂತಿದ್ದರು. ಲೌರಿ ಎದ್ದುನಿಂತು ಇಣುಕಿದ. ಓಸ್ಲಾ ಅವನ ಅಂಗಿಯ ತುದಿ ಹಿಡಿದು ಎಳೆದಳು.

“ತಲೆ ತಗ್ಸೋ! ನೆತ್ತಿ ಮೇಲೆ ನಿಂತ್ರೆ ಸೀಲ್‌ಗಳು ನಿನ್ನ ನೋಡಿ ನೀರಿಗೆ ಹಾರ್ತಾವೆ. ಓರ್ಕಾ ಬಾಯಿಗೆ ನೀನೇ ತಳ್ಳಿದಂಗೆ.”

ಪಕ್ಕದಲ್ಲಿ ಒಬ್ಬ ಪ್ರವಾಸಿ ಡ್ರೋನಿನ ಪೆಟ್ಟಿಗೆ ತೆರೆಯುತ್ತಿದ್ದ. ಊರುಗೋಲು ಹಿಡಿದಿದ್ದ ಅಜ್ಜಿಯೊಬ್ಬಳು ಅವನ ಕಡೆ ತಿರುಗಿದಳು. “ಮಗಾ, ಅದು ಪೆಟ್ಟಿಗೆಯಿಂದ ಹೊರಗೆ ಬಂದ್ರೆ ನಿನ್ನ ಅದರೊಳಗೆ ಹಾಕಿ ಮುಚ್ಚಳ ಮುಚ್ತೀನಿ.” ಪೆಟ್ಟಿಗೆ ಮುಚ್ಚಿತು.

ಎಲ್ಲರೂ ನೀರಿನ ಕಡೆ ತಿರುಗಿದರು.

ಮೊದಲು ಉಸಿರು ಕೇಳಿತು. ತುಂಬಿದ ಗೋಣಿಚೀಲವನ್ನು ನೆಲಕ್ಕೆ ಕುಕ್ಕಿದಂಥ ಸದ್ದು. ಆಮೇಲೆ ಬಂಡೆಯ ಬುಡದಲ್ಲೇ, ಕಲ್ಲೆಸೆದರೆ ಮೈಗೆ ತಾಗುವಷ್ಟು ಹತ್ತಿರದಲ್ಲಿ, ಆಳೆತ್ತರದ ಕರಿಯ ಬೆನ್ನುರೆಕ್ಕೆಯೊಂದು ನೀರನ್ನು ಸೀಳಿಕೊಂಡು ಎದ್ದಿತು. ಏಳುತ್ತಲೇ ಹೋಯಿತು. ಇನ್ನು ಮುಗಿಯಿತು ಎಂದುಕೊಂಡಾಗಲೂ ಇನ್ನಷ್ಟು ಎದ್ದಿತು. ಆ ಗಂಡಿನ ಹಿಂದೆ ಮುದಿ ಹೆಣ್ಣು, ಅದರ ಹೆಣ್ಣುಮಕ್ಕಳು. ನೀರು ತಿಳಿಯಾಗಿತ್ತು. ಮೇಲಿಂದ ಅವುಗಳ ಇಡೀ ಮೈ ಕಾಣುತ್ತಿತ್ತು. ಕಣ್ಣ ಹಿಂದಿನ ಬಿಳಿ ಮಚ್ಚೆಗಳು ಕಡಲ ತಳದಲ್ಲಿ ಯಾರೋ ದೀಪ ಹಿಡಿದು ನಡೆದಂತೆ ಕಂಡವು. ಇಷ್ಟು ವರ್ಷ ನೀರ ಮೇಲೆ ಬದುಕಿದ ಲೌರಿ, ಅವು ಮಗ್ಗುಲಾಗಿ ಹೊರಳಿದಾಗ ಕಾಣುವ ಬಿಳಿ ಹೊಟ್ಟೆಯನ್ನು ಎಂದೂ ನೋಡಿರಲಿಲ್ಲ. ಅವು ತಲೆ ಹೊರಳಿಸಿ ಕಲ್ಲಿನ ಸಂದುಗಳನ್ನು ಒಂದೊಂದಾಗಿ ನೋಡುವುದನ್ನೂ ನೋಡಿರಲಿಲ್ಲ. ಇಷ್ಟು ದೊಡ್ಡ ಮೈಗಳು ಇಷ್ಟೊಂದು ಮೌನವಾಗಿ ಬರಬಲ್ಲವೆಂದು ಅವನಿಗೆ ಗೊತ್ತಿರಲಿಲ್ಲ.

ಅವನು ಮರಿಗಾಗಿ ಹುಡುಕಿದ. ಕಾಣಲಿಲ್ಲ. ಮತ್ತೆ ಹುಡುಕಿದ. ಮೀಮಾ ಅವನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಕೊನೆಯ ಹೆಣ್ಣು ಬಂಡೆಯ ನೆರಳಿನಿಂದ ಹೊರಗೆ ಬಂತು. ಅದರ ಪಕ್ಕೆಗೆ ಅಂಟಿಕೊಂಡು ಏನೋ ಪುಟ್ಟದು ಬರುತ್ತಿತ್ತು. ಬಿಳಿ ಇರಬೇಕಾದಲ್ಲಿ ಇನ್ನೂ ಎಳೆಯ ಕಿತ್ತಳೆ ಬಣ್ಣ. ಬಾಯಲ್ಲಿ ಕಡಲಪಾಚಿಯ ಉದ್ದನೆಯ ಎಳೆ. ಅದನ್ನು ಬಿಡುತ್ತಿತ್ತು, ಹಿಡಿಯುತ್ತಿತ್ತು, ತಾಯಿಯ ಬೆನ್ನಿಗೆ ಹೊದಿಸುತ್ತಿತ್ತು.

ತಾಯಿ ಉಸಿರು ಬಿಟ್ಟಿತು. ಆ ಹನಿಗಳು ಗಾಳಿಯಲ್ಲಿ ಮೇಲೆ ಬಂದು ಲೌರಿಯ ಮುಖದ ಮೇಲೆ ಕೂತವು. ಬೆಚ್ಚಗಿದ್ದವು, ಮೀನಿನ ವಾಸನೆ ಇತ್ತು. ಅವನು ಒರೆಸಿಕೊಳ್ಳಲಿಲ್ಲ.

ಎಲ್ಲರ ಕೈಯಲ್ಲೂ ಫೋನಿತ್ತು. ಆದರೂ ಓರ್ಕಾಗಳು ಆ ಮೂಲೆ ದಾಟಿ, ಪಕ್ಕದ ಇಕ್ಕಟ್ಟಾದ ಕೊಲ್ಲಿ ಹೊಕ್ಕು, ಸೀಲ್ ಹಿಡಿದು ತಿಂದು, ತೆರೆದ ಕಡಲಿಗೆ ಹೊರಬೀಳುವವರೆಗೆ ಗುಂಪಿನಲ್ಲಿ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಆಮೇಲೆ ಅಜ್ಜಿ ಬರೆದಳು: ‘ಹೋದವು. ಬಡಗಣಕ್ಕೆ. ಮರಿ ಇದೆ.’

ವಾಪಸ್ ಬರುವಾಗ ಮೀಮಾ ಹಿಂದಿನ ಸೀಟಿನಿಂದ ಹೇಳಿದಳು. “ಲೌರಿ, ಆ ಕೆಲಸ ಹೋದ್ರೆ ಹೋಗ್ಲಿ. ಮೀನಿನ ಕಾರ್ಖಾನೆಲಿ ನಂಗಂತೂ ಕೆಲಸ ಇದೆ.”

“ಹೋಗುತ್ತೆ ಅಂತ ಯಾರು ಹೇಳಿದ್ರು?”

“ನಿನ್ನ ಮುಖ.”

ಸೆಪ್ಟೆಂಬರ್ ಹುಟ್ಟಿದ ವಾರವೇ ಲೌರಿಯ ದೋಣಿ ತುಂಬ ಪ್ರವಾಸಿಗರಿದ್ದಾಗ ಓರ್ಕಾಗಳು ಮತ್ತೆ ಹಾರ್ವಾ ಹೊಕ್ಕವು. ಮರಿಯೂ ಹೊಕ್ಕಿತು. ಹಿಂದೆ ಬರುತ್ತಿದ್ದ ದೋಣಿಗಳು ವೇಗ ಇಳಿಸಿ ಲೌರಿ ಏನು ಮಾಡುತ್ತಾನೆ ಎಂದು ಕಾದವು. ರೇಡಿಯೋದಲ್ಲಿ ಗ್ಯಾರಿಕ್‌ನ ದನಿ ಬಂತು. “ಒಳಗೆ ಹೋಗು. ಹತ್ರದಿಂದ ತೋರಿಸ್ತೀವಿ ಅಂತ ಮಾತು ಕೊಟ್ಟಿದೀವಿ.”

ಲೌರಿ ಕೊಲ್ಲಿಯ ಬಾಯಿಯನ್ನು ಪೂರ್ತಿ ಬಿಟ್ಟು, ದೋಣಿಯನ್ನು ದೂರದ ಬಂಡೆಯ ಮಗ್ಗುಲಿಗೆ ಒಯ್ದು ಎಂಜಿನ್ ಆರಿಸಿದ.

“ಇಷ್ಟು ದೂರದಿಂದ ಏನ್ ಕಾಣುತ್ರೀ?” ಒಬ್ಬ ಪ್ರವಾಸಿ ಸಿಡುಕಿದ.

“ಕೂತ್ಕೊಳ್ಳಿ ಸಾರ್. ಅವುಗಳ ಮನಸ್ಸಿಗೆ ಬಂದ್ರೆ ಅವೇ ಬರ್ತಾವೆ. ಬರದಿದ್ರೆ ಇಲ್ಲ.”

ಇದನ್ನು ಓದುತ್ತಿರುವವರೇ, ನೀವು ಕಂಡ ಕಾಡುಪ್ರಾಣಿಯ ಸುದ್ದಿಯನ್ನು ಖಂಡಿತ ಹಂಚಿಕೊಳ್ಳಿ. ಅಚ್ಚರಿಯನ್ನು ಒಬ್ಬರೇ ನುಂಗಬೇಡಿ. ಆದರೆ ಅದು ಮರಿಯೊಂದಿಗಿದ್ದರೆ, ಇಕ್ಕಟ್ಟಿನಲ್ಲಿದ್ದರೆ, ತಿನ್ನುತ್ತಿದ್ದರೆ ನಿಮ್ಮ ಬೆರಳನ್ನು ತಡೆಯಿರಿ. ಅದು ಹೋದ ಮೇಲೆ ಬರೆಯಿರಿ. ನೆಲದ ಮೇಲಿಂದ, ತಲೆ ತಗ್ಗಿಸಿ, ಸುಮ್ಮನೆ ನೋಡಿ. ನೀರಿನಲ್ಲಿದ್ದರೆ ಅದರ ದಾರಿಗೆ ಅಡ್ಡ ಹೋಗಬೇಡಿ, ಬೆನ್ನಟ್ಟಬೇಡಿ, ಎಂಜಿನ್ ಆರಿಸಿ. ಹತ್ತಿರ ಹೋಗಿ ಎಂದು ಹಣ ಕೊಡಬೇಡಿ. ಹಣ ಕೊಟ್ಟವರು ಕೇಳಿದರು ಎಂಬ ಒಂದೇ ನೆಪದ ಮೇಲೆ ಈ ಕಡಲಿನಲ್ಲಿ ಅನ್ಯಾಯ ನಡೆಯುತ್ತಿದೆ. ಆ ನೆಪವನ್ನು ನೀವು ಕಿತ್ತುಕೊಳ್ಳಿ.

ರೇಡಿಯೋ ಮತ್ತೆ ಕರಕರ ಎಂದಿತು. “ಲೌರಿ, ಕೇಳಿಸ್ತಾ? ಈಗ ಒಳಗೆ ಹೋಗದಿದ್ರೆ ದೋಣಿ ಕೀಲಿ ತಂದು ನನ್ನ ಮೇಜಿನ ಮೇಲಿಡು.”

ಹಿಂದಿನ ದೋಣಿಗಳವರೂ ಅದನ್ನು ಕೇಳಿಸಿಕೊಂಡರು. ಒಳಗೆಲ್ಲೋ, ಬಂಡೆಗಳ ನಡುವೆ, ಮರಿಯ ಸಣ್ಣ ಉಸಿರು ಚಿಮ್ಮಿತು.

ಲೌರಿ ರೇಡಿಯೋ ಎತ್ತಿಕೊಂಡ. “ಸಂಜೆ ತಂದಿಡ್ತೀನಿ,” ಎಂದ. “ಒಳಗೆ ಹೋಗಲ್ಲ.”