ಬಟಾಣಿ ಬಿಡಿಸುವ ಕೈ

ಟಿ.ವಿ. ಪರದೆಯಲ್ಲಿ ಯಂತ್ರದ ಗಂಡ ಬಾಗಿಲು ತೆರೆದು ಒಳಗೆ ಕಾಲಿಟ್ಟಾಗಲೂ ಅತ್ತೆಯ ಕೈ ನಿಲ್ಲಲಿಲ್ಲ. ಸೊಸೆ ಟಿ.ವಿ. ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಳು. ಪಟಕ್ಕನೆ ಸಿಪ್ಪೆ ಒಡೆಯಿತು, ಕಾಳು ಉದುರಿತು, ಇನ್ನೊಂದು ಬಟಾಣಿಕಾಯಿ ಕೈಗೆ ಬಂತು.

ವಾರಪತ್ರಿಕೆಗೆ ದೆವ್ವದ ಸಿನಿಮಾ, ಅನ್ಯಗ್ರಹದ ಧಾರಾವಾಹಿ ಎಂದು ವಿಮರ್ಶೆ ಬರೆದೂ ಬರೆದೂ ಸೊಸೆಗೆ ಹೆದರಿಕೆ ಅನ್ನುವುದೇ ಸತ್ತುಹೋಗಿತ್ತು. ರಕ್ತ ಕಂಡರೆ ಬಣ್ಣ ಚೆನ್ನಾಗಿ ಬೆರೆಸಿದ್ದಾರೆ ಅನ್ನಿಸುತ್ತಿತ್ತು. ಅವಳು ಮೈ ನಡುಗಿಸುತ್ತದೆ ಎಂದು ಹೊಗಳಿದ ಚಿತ್ರಕ್ಕೆ ಹೋದವರು ಗೊರಕೆ ಹೊಡೆದರಂತೆ. ಇನ್ನೊಮ್ಮೆ ಹೀಗಾದರೆ ಅಂಕಣ ಬೇರೆಯವರಿಗೆ ಎಂದು ಸಂಪಾದಕರು ನಯವಾಗಿಯೇ ಹೇಳಿದ್ದರು. ಅಂದಿನಿಂದ ಅತ್ತೆಯ ಕೈಯೇ ಅವಳ ಅಳತೆಗೋಲು. ಟಿ.ವಿ. ಮುಂದೆ ಏನಾದರೂ ಬಿಡಿಸುತ್ತಾ, ಸೋಸುತ್ತಾ ಕೂರುವ ಅತ್ತೆಯ ಕೈ ನಿಂತರೆ ಚಿತ್ರ ಗೆದ್ದಂತೆ. ಅತ್ತೆಗೆ ಇದರ ಸುಳಿವಿರಲಿಲ್ಲ.

ಈ ಧಾರಾವಾಹಿಯಲ್ಲಿ ಕಂಪನಿಯೊಂದು ಸತ್ತ ಗಂಡನನ್ನೇ ಅಚ್ಚೊತ್ತಿದಂಥ ಯಂತ್ರವನ್ನು ತಯಾರಿಸಿ ಮನೆಗೆ ಕಳಿಸುತ್ತದೆ. ಅವನು ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿಕೊಂಡು, ಕುಡಿಯಲು ನೀರು ಕೇಳುತ್ತಾನೆ. ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹಾಕಲೋ ಬೇಡವೋ ಎಂದು ಸೊಸೆ ಹಿಂದುಮುಂದು ನೋಡಿದಾಗ, ನಿನ್ನ ಹೊಟ್ಟೆಪಾಡು, ಹಾಕಮ್ಮ ಎಂದಿದ್ದರು ಅತ್ತೆ.

ಕಂತು ಮುಗಿಯಿತು.

"ಹೇಗಿತ್ತು ಅತ್ತೆ?"

"ಏನಿದೆ ಅದ್ರಲ್ಲಿ? ಅವ್ನು ನೀರು ಕೇಳ್ದ, ಇವ್ಳು ಹೆದ್ರಿ ಓಡಿದ್ಳು. ಕೊಟ್ಟು ಓಡಿದ್ರೆ ಆಗ್ತಿರ್ಲಿಲ್ವಾ?"

ಸೊಸೆಗೆ ನಗು ಬಂತು. ಅತ್ತೆ ಬಿಡಿಸಿದ್ದನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಂದು ಮತ್ತೆ ಕೂತರು. ಅಷ್ಟರಲ್ಲಿ ಸೊಸೆ ಬರೆದು ಮುಗಿಸಿದಳು: ಎಳ್ಳಷ್ಟೂ ಭಯವಿಲ್ಲ, ಎಲ್ಲಿಯೂ ತಟ್ಟುವುದಿಲ್ಲ. ಐದಕ್ಕೆ ಒಂದು ಅಂಕ. ಕಳಿಸುವ ಮುಂಚೆ ಟೀ ಕುಡಿಯೋಣವೆಂದು ಎದ್ದಳು.

ಒಲೆಯ ಪಕ್ಕದ ಪಾತ್ರೆಯ ತುಂಬ ಬಟಾಣಿ ಸಿಪ್ಪೆ. ತೊಳೆದು, ನೀರು ಬಸಿದು, ನೀಟಾಗಿ ಇಟ್ಟ ಸಿಪ್ಪೆ. ಕಾಳೆಲ್ಲ ಕಸದ ಬುಟ್ಟಿಯಲ್ಲಿತ್ತು.

ಫೋನು ಬಂತು. ಪುಟ ಕಾಯುತ್ತಿದೆ ಎಂದರು ಸಂಪಾದಕರು. ಇನ್ನೊಂದು ಗಂಟೆ ಬೇಕು ಎಂದಳು.

"ಹೆದ್ರಿಸುತ್ತೋ ಇಲ್ವೋ? ಅಷ್ಟು ಹೇಳಿ ಸಾಕು."

"ಗೊತ್ತಾಗ್ತಿಲ್ಲ ಸರ್. ಮತ್ತೆ ನೋಡ್ಬೇಕು."

ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಳು ಆರಿಸತೊಡಗಿದಳು. ಹೊರಗೆ ಅತ್ತೆ ಅದೇ ಕಂತನ್ನು ಮತ್ತೆ ಹಾಕಿದ್ದರು; ಟಿ.ವಿ.ಯಲ್ಲಿ ಅದೇ ಬಾಗಿಲು ತೆರೆದುಕೊಂಡಿತು. ಅದೇ ದನಿ ನೀರು ಕೇಳಿತು. ಅತ್ತೆ ಒಳಗೆ ಬಂದರು. ಸೊಸೆಯ ಕಡೆ ನೋಡದೆ ಲೋಟಕ್ಕೆ ನೀರು ಬಗ್ಗಿಸಿಕೊಂಡರು. ಕುಡಿಯಲಿಲ್ಲ. ತುಳುಕದ ಹಾಗೆ ಹಿಡಿದುಕೊಂಡು ಟಿ.ವಿ. ಕಡೆಗೆ ಹೊರಟರು.

ಬುಟ್ಟಿಯೊಳಗೆ ಸೊಸೆಯ ಕೈ ನಿಂತಿತು.