ಮೇಲೆ ಸರಿದ ಕೆಂಪು ಗೆರೆ

ಆ ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ಲಾಂಡ್ರಿಯ ಚಿಮಣಿಯ ಹೊಗೆ ಮೇಲೇಳಲಾರದೆ ಅಂಗಳದಲ್ಲೇ ಕವಿದಿತ್ತು. ಆ ಸೆಕೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕಲು ಬಗ್ಗಿದ್ದ ಅಣ್ಣ ಎದ್ದು ನಿಂತವನೇ ಕಣ್ಣು ಕತ್ತಲಿಟ್ಟು ಕುಸಿದ. ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ತಂಗಿ ಓಡಿಬಂದು, ಆಸ್ಪತ್ರೆಗೆ ಕರೆದೊಯ್ದಳು.

"ಬಿ.ಪಿ. ಮಾತ್ರೆ ಎಷ್ಟು ನುಂಗಿದ್ರಿ?" ಡಾಕ್ಟರಮ್ಮ ಕೇಳಿದರು.

"ಮೂರು. ತಲೆ ಸಿಡೀತಿತ್ತು. ಆವಿ ಜಾಸ್ತಿಯಾದ್ರೆ ವಾಲ್ವ್ ಬಿಚ್ಚಲ್ವಾ? ಹಾಗೇ."

"ಉಳಿದ ದಿನ?"

"ತಲೆನೋವಿಲ್ದೆ ಯಾಕೆ ನುಂಗ್ಲಿ?"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ತಂಗಿ ಸಿಡಿದಳು.

ಡಾಕ್ಟರಮ್ಮನ ದನಿಯೂ ಬಿಗಿಯಾಯಿತು. "ಕೊರಳಿನ ರಕ್ತನಾಳದಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂದ್ಕೊಳ್ಳಿ. ಒತ್ತಡ ಏರಿದ್ರೆ ಹೃದಯಕ್ಕೆ 'ನಿಧಾನ' ಅಂತಾನೆ, ಇಳಿದ್ರೆ 'ಓಡು' ಅಂತಾನೆ. ವರ್ಷಗಟ್ಟಲೆ ಏರಿದ್ದನ್ನೇ ನೋಡಿ ನೋಡಿ, ಈಗ ಅದೇ ಸರಿ ಅಂತ ಕೂತಿದ್ದಾನೆ. ಮೊದಲಿನ ಚುರುಕೂ ಇಲ್ಲ. ನೀವು ಒಮ್ಮೆಲೇ ಒತ್ತಡ ಇಳಿಸಿ ಎದ್ದು ನಿಂತ್ರಿ, ಅವನಿಗೆ ಸಂಭಾಳಿಸೋಕಾಗ್ಲಿಲ್ಲ. ಇತ್ತ ಹೃದಯ ಆ ಒತ್ತಡದ ಎದುರು ತಳ್ಳಿ ತಳ್ಳಿ ಅದರ ಗೋಡೆ ದಪ್ಪ ಆಗಿದೆ."

"ದಪ್ಪ ಅಂದ್ರೆ ಗಟ್ಟಿ ಅಲ್ವಾ?" ಅಣ್ಣನ ಮುಖ ಅರಳಿತು.

"ಬಿಗಿ ಕಣ್ರೀ! ಸಡಿಲವಾಗಿ ರಕ್ತ ತುಂಬ್ಕೊಳ್ಳಲ್ಲ. ಹೀಗೇ ಬಿಟ್ರೆ ಒಂದಿನ ಸೋತೇಹೋಗುತ್ತೆ. ದಿನಾ ಒಂದೇ ಮಾತ್ರೆ, ತಪ್ಪಿಸೋ ಹಾಗಿಲ್ಲ. ಕಾವಲುಗಾರ ಮೆಲ್ಲಗೆ ಹಳೇ ದಾರಿಗೆ ಬರಬಹುದು. ಅಲ್ಲೀವರೆಗೆ ಬಾಯ್ಲರ್ ಹತ್ರ ಹೋಗ್ಬೇಡಿ."

ದಾರಿಯುದ್ದಕ್ಕೂ ಅಣ್ಣ ಗೊಣಗಿದ. "ಬಾಯ್ಲರ್ ಕೋಣೆ ಬೀಗದ ಕೈ ನನ್ನ ಸೊಂಟ ಬಿಟ್ಟು ಹೋಗಲ್ಲ."

"ನಾನು ಬಾಯ್ಲರ್ ಪರೀಕ್ಷೆ ಪಾಸಾಗಿದ್ದು ಅಂಗಿ ಮಡಿಚೋಕಾ? ವಾರ ಬಿಟ್ಟು ವಾರ ನನ್ನ ಪಾಳಿ ಅಂತ ಮಾಲೀಕರೇ ಹೇಳಿದ್ರು. ಒಂದು ವಾರವಾದ್ರೂ ಬಿಟ್ಟುಕೊಟ್ಯಾ?"

"ಹೆಣ್ಣಿನ ಕೈಗೆ ಬೆಂಕಿ ಕೊಡೋದಾ?"

"ಕೈ ಯಾರದು ಅಂತ ಬೆಂಕಿ ಕೇಳುತ್ತೇನೋ?"

ಲಾಂಡ್ರಿಗೆ ಬಂದವಳೇ, ಬೆಳಿಗ್ಗೆಯ ಗಡಿಬಿಡಿಯಲ್ಲಿ ಬೀಗ ಹಾಕದೆ ಬಿಟ್ಟಿದ್ದ ಬಾಯ್ಲರ್ ಕೋಣೆಗೆ ನುಗ್ಗಿ, ಆವಿಯ ಒತ್ತಡ ತೋರಿಸುವ ಮೀಟರಿನ ಮುಂದೆ ನಿಂತಳು. ಅಪಾಯದ ಕೆಂಪು ಗೆರೆ ಇದ್ದ ಕಡೆ ಕಪ್ಪು ಬಣ್ಣ ಬಳಿದಿತ್ತು. ಅದಕ್ಕಿಂತ ಎರಡು ಬೆರಳು ಮೇಲೆ ಹೊಸ ಕೆಂಪು ಗೆರೆ ಎಳೆದಿತ್ತು.

"ಇದ್ಯಾರ ಕೆಲಸ?"

ಅಣ್ಣ ಕತ್ತು ತಿರುಗಿಸಿದ. "ಮುಳ್ಳು ಯಾವಾಗ್ಲೂ ಗೆರೆ ದಾಟ್ತಿತ್ತು. ನೋಡಿದ್ರೆ ಭಯ ಆಗ್ತಿತ್ತು."

"ಅದಕ್ಕೆ ಗೆರೇನೇ ಎತ್ತಿಬಿಟ್ಯಾ!" ಅವಳ ಕೂಗಿಗೆ ಇಸ್ತ್ರಿ ಕೋಣೆಯವರೆಲ್ಲ ಬಾಗಿಲಿಗೆ ಬಂದರು. "ಈ ಗೋಡೆ ಆಚೆ ನಾವೆಲ್ಲ ನಿಂತಿರ್ತೀವಿ ಕಣೋ! ನಿನ್ನ ಕೊರಳಲ್ಲಿ ಕೂತವನು ಮಾಡಿದ್ದೂ ಇದನ್ನೇ. ಅವನಿಗಾದ್ರೆ ತಿಳೀಲಿಲ್ಲ. ನಿನಗೇನಾಗಿತ್ತು ರೋಗ?"

ಅಣ್ಣನ ಹಣೆಯ ನರ ಉಬ್ಬಿತು. ಬೈಯಲು ಬಾಯಿ ತೆರೆದ. ಎದೆ ದಡದಡ ಹೊಡೆದುಕೊಂಡಿತು. ಕೈ ತಾನಾಗಿ ಕೊರಳಿಗೆ ಹೋಯಿತು. ಭಗವಂತ ನಮ್ಮೊಳಗೆ ಕಾವಲು ಕೂರಿಸಿದ್ದು ನಮ್ಮ ಜಂಬ ಕಾಯಲಿಕ್ಕಲ್ಲ. ಬೆರಳ ಕೆಳಗೆ ಮಿಡಿಯುವುದನ್ನು ಅವನು ಬಹಳ ಹೊತ್ತು ಕೇಳಿಸಿಕೊಂಡ.

ಆಮೇಲೆ ಚಾಕು ತಂದು ಹೊಸ ಗೆರೆಯನ್ನು ಹೆರೆದ. ಕಪ್ಪು ಬಣ್ಣವನ್ನೂ ಕೆರೆದಾಗ ಹಳೇ ಕೆಂಪು ಇಣುಕಿತು. ಸೊಂಟದಿಂದ ಬೀಗದ ಕೈ ಬಿಚ್ಚಿದ. ಮಸಿ ಹೋಗುವಂತೆ ಅದನ್ನು ಅಂಗಿಗೆ ಒರೆಸಿ, ತಂಗಿಯ ಅಂಗೈಯಲ್ಲಿಟ್ಟು, ಹೊರಗೆ ನಡೆದ.