ಹೆಚ್ಚಿಗೆ ಒಂದು ತಟ್ಟೆ

ನನ್ನ ತಂಗಿ ನಿದಿಯಾ ಕತೆ ಬರೀತಾಳೆ. ರಾಜಧಾನಿ ಆಸುನ್ಸಿಯೋನ್‌ನ ಪತ್ರಿಕೆಗಳಲ್ಲಿ ಅಚ್ಚಾಗ್ತವೆ. ಯಾರಾದ್ರೂ ಹೊಗಳಿದರೆ ನನಗೂ ಖುಷಿಯೇ. ಆದರೆ ಆವತ್ತು ಮಧ್ಯಾಹ್ನ ಹೊಗಳೋಕೆ ಬಂದವನು ಗಾಸ್ಪಾರ್, ನಮ್ಮೂರಲ್ಲಿ ಆಳೋ ಪಕ್ಷದ ಮುಖಂಡ. ಅವನು ಬೆರಳು ತೋರಿಸಿದವರನ್ನ ಪೊಲೀಸರು ಎತ್ತಾಕಿಕೊಂಡು ಹೋಗ್ತಿದ್ದರು. ನಮ್ಮ ಅಡುಗೆಮನೆ ಅಟ್ಟದಲ್ಲಿ, ಜೋಳದ ತೆನೆಗಳ ಹಿಂದೆ, ನಮ್ಮ ತಮ್ಮ ಕ್ರಿಸ್ಪಿನ್ ಅಡಗಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಮುಷ್ಕರ ಮಾಡಿಸಿ ಗಡಿ ದಾಟಿ ಓಡಿಹೋದ ಅಂತ ಊರು ನಂಬಿತ್ತು.

"ನಿನ್ನ ಕತೆ ಒಂದೂ ಬಿಟ್ಟಿಲ್ಲಮ್ಮ," ಅಂದ ಗಾಸ್ಪಾರ್, ಟೋಪಿ ತೆಗೆಯುತ್ತ. "ಆ ವಿಧವೆ ಕತೆ, ದೋಣಿಯವನ ಕತೆ, ಮೊನ್ನೆಯ ಮದುವೆ ಕತೆ. ಎಲ್ಲದರಲ್ಲೂ ಮನೇಲಿರೋ ಜನಕ್ಕಿಂತ ಒಂದು ತಟ್ಟೆ ಜಾಸ್ತಿ ಇರುತ್ತೆ. ಯಾಕೆ?"

ನಿದಿಯಾ ಮುಖ ಬಿಳುಚಿಕೊಂಡಿತು. ಹಾಗೆ ಬರೀತಿದ್ದೀನಿ ಅಂತ ಅವಳಿಗೇ ಗೊತ್ತಿರಲಿಲ್ಲ! ಅಯ್ಯೋ ಪುಣ್ಯಾತ್ಗಿತ್ತಿ, ಬರೆಯೋಕೆ ಬೇರೇನೂ ಸಿಗಲಿಲ್ವೇನೇ ನಿನಗೆ ಅಂತ ಕಿರುಚಬೇಕು ಅನ್ನಿಸ್ತು. ಕಿರುಚೋ ಹಾಗಿರಲಿಲ್ಲ. ಊರಿನ ಲೆಕ್ಕಕ್ಕೆ ನಾವಿಬ್ಬರೇ ಇರೋ ಮನೆಯಲ್ಲಿ, ಅಟ್ಟದ ಕೆಳಗಿನ ಮೇಜಿನ ಮೇಲೆ ಮೂರು ತಟ್ಟೆ ಬಡಿಸಿಟ್ಟಿದ್ದೆ.

"ಹಾದೀಲಿ ಹೋಗೋರು ಯಾರಾದ್ರೂ ಹಸಿದು ಬಂದರೆ ಅಂತ, ಯಜಮಾನ್ರೇ," ಅಂದೆ.

"ಹಾಗಾದ್ರೆ ಬಂದೆ ನೋಡು," ಅಂತ ಕೂತೇಬಿಟ್ಟ. ಮರಗೆಣಸು ಮುರಿದು ಕಾಳಿನ ಸಾರಿಗೆ ಅದ್ದಿ ತಿನ್ನತೊಡಗಿದ.

ಅಷ್ಟರಲ್ಲಿ ಅಟ್ಟದಿಂದ ಜೋಳದ ಹೊಟ್ಟು ಉದುರಿತು, ನೇರ ಅವನ ತೋಳಿನ ಮೇಲೆ. ಅವನು ತಲೆಯೆತ್ತಲಿಲ್ಲ. ಹೊಟ್ಟು ಕೊಡವಿಕೊಂಡು, "ಇಲಿ ಕಾಟವೇನಮ್ಮ?" ಅಂದ.

"ಹೂಂ," ಅಂದೆ.

ತಟ್ಟೆಯಲ್ಲಿ ಅರ್ಧ ಉಳಿಸಿ ಎದ್ದ. "ಇಲಿಗೂ ಹಸಿವಿರುತ್ತೆ. ಇದೇ ಮೇಜಿನ ಮೇಲೆ ನಿಮ್ಮಮ್ಮ ನನಗೂ ಎಷ್ಟೋ ಸಲ ಬಡಿಸಿದ್ದಾಳೆ, ಅದಕ್ಕೇ ಹೇಳ್ತಿದ್ದೀನಿ. ಈ ಕತೆ ಓದ್ತಿರೋನು ನಾನೊಬ್ಬನೇ ಅಲ್ಲ. ನಾಳೆ ಮಧ್ಯಾಹ್ನ ಪೊಲೀಸರ ಜತೆ ಬರಬೇಕಾಗಿದೆ. ಅಷ್ಟರೊಳಗೆ ಅಟ್ಟ ಗುಡಿಸಿಬಿಡಿ."

ಕರುಣೆಯೋ, ಬಲೆಯೋ, ಯಾರಿಗೆ ಗೊತ್ತು! ಅವನು ಬೀದಿ ತಿರುವು ದಾಟಿದ್ದೇ ಏಣಿ ಹಾಕಿ ಕ್ರಿಸ್ಪಿನ್‌ನನ್ನ ಹಿಡಿದು ಇಳಿಸಿದೆವು. ಕೈ ಬಿಟ್ಟಿದ್ದೇ ಕುಸಿದ. ಯಾರಾದ್ರೂ ನೋಡಿಯಾರು ಅಂತ ಹೆದರಿ ವರ್ಷದಿಂದ ಒಮ್ಮೆಯೂ ಕೆಳಗಿಳಿಸಿರಲಿಲ್ಲ. ಆ ಇಕ್ಕಟ್ಟಿನಲ್ಲಿ ಮಲಗೇ ಇದ್ದು ಕಾಲು ಕಡ್ಡಿಯಾಗಿದ್ದವು.

"ಅಕ್ಕಾ, ನಿಲ್ಲೋಕಾಗ್ತಿಲ್ಲ."

ನಿದಿಯಾ ಬಿಕ್ಕುತ್ತಿದ್ದಳು. "ಅತ್ತಿದ್ದು ಸಾಕು, ಆ ಕಡೆ ತೋಳು ಹಿಡ್ಕೊಳ್ಳೇ," ಅಂತ ಗದರಿದೆ. ನಾಳೆ ಮಧ್ಯಾಹ್ನದೊಳಗೆ ಅವನಿಗೆ ನಡೆಯೋದು ಕಲಿಸಬೇಕಿತ್ತು.